ತಮಟೆ ಹೊತ್ತು ಡೆನ್ಮಾರ್ಕಿಗೆ

ಊರು, ಹೊರಡುವ ಮೊದಲು

ವಿದೇಶಕ್ಕೆ ಹೋಗಿ ಬಂದವರು ಮೊದಲು ವಿಮಾನದ ಕಿಟಕಿಯಿಂದ ಕಂಡ ಮೋಡಗಳ ಬಗ್ಗೆ ಬರೆಯುತ್ತಾರೆ. ನನಗೆ ಸಿಕ್ಕಿದ್ದು ನಡುವಿನ ಸೀಟು. ಎಡಕ್ಕೊಬ್ಬ ಗೊರಕೆಯವನು, ಬಲಕ್ಕೊಬ್ಬ ಗೊರಕೆಯವನು, ತಲೆಯ ಮೇಲಿನ ಗೂಡಿನಲ್ಲಿ ನನ್ನ ತಮ್ಮನ ತಮಟೆ. ಅದು ಎಲ್ಲಿ ಜಾರಿ ಬೀಳುತ್ತದೋ ಎಂದು ಒಂಬತ್ತು ಗಂಟೆ ಹೊತ್ತು ಕತ್ತೆತ್ತಿ ಗೂಡನ್ನೇ ನೋಡುತ್ತ ಕೂತಿದ್ದೆ. ಆದ್ದರಿಂದ ಮೋಡಗಳನ್ನು ಬಿಟ್ಟು ತಮಟೆಯಿಂದಲೇ ಶುರು ಮಾಡುತ್ತೇನೆ.

ನಾನು ಪೊಲೀಸ್ ಬ್ಯಾಂಡಿನಲ್ಲಿ ಮೂವತ್ತೆರಡು ವರ್ಷ ಸೈಡ್ ಡ್ರಮ್ ಬಾರಿಸಿ ನಿವೃತ್ತನಾದವನು. ಊರು ಮಳವಳ್ಳಿ ತಾಲ್ಲೂಕು, ಬಂಡೂರಿನ ಪಕ್ಕ. ಬೆಳಿಗ್ಗೆ ನಾಲ್ಕೂವರೆಗೆ ಏಳುತ್ತೇನೆ, ಐದಕ್ಕೆ ನಡಿಗೆ, ಆರಕ್ಕೆ ಕಾಫಿ, ರಾತ್ರಿ ಒಂಬತ್ತಕ್ಕೆ ದೀಪ ಆರಿಸುತ್ತೇನೆ. ನನ್ನ ಹೆಂಡತಿ ಮಂಗಳಮ್ಮ ಗೋಡೆ ಗಡಿಯಾರಕ್ಕೆ ಸೆಲ್ ಹಾಕಿಸುವುದನ್ನು ಬಿಟ್ಟು ವರ್ಷಗಳಾದವು. "ಇವ್ರೇ ಓಡಾಡ್ಕಂಡಿರುವಾಗ ಅದ್ಯಾಕೆ ದಂಡ್ಕೆ" ಎನ್ನುತ್ತಾಳೆ.

ತಮ್ಮ ಕೆಂಪಣ್ಣನ ಮಗಳು ಸುಜಾತ ಡೆನ್ಮಾರ್ಕಿನ ಆರ್ಹುಸ್ ಎಂಬ ಊರಿನಲ್ಲಿ ನಕ್ಷತ್ರಗಳ ಮೇಲೆ ಸಂಶೋಧನೆ ಮಾಡುತ್ತಿದ್ದಾಳೆ. ಯಾರಾದರೂ ಕೇಳಿದರೆ "ಜ್ಯೋತಿಷ್ಯ ಅಲ್ಲ, ಅದರ ಎದುರು ಪಾರ್ಟಿ" ಎಂದಷ್ಟೇ ಹೇಳಿ ನಾನು ಪಾರಾಗುತ್ತಿದ್ದೆ. ಒಂದು ಭಾನುವಾರ ಅವಳು ಫೋನಿನಲ್ಲಿ ಮುಖ ತೋರಿಸಿ, ಅಪ್ಪನ ತಮಟೆ ಬೇಕು ಎಂದಳು. ಅಲ್ಲಿನ ಗ್ರಂಥಾಲಯದಲ್ಲಿ ಊರ ಜನರಿಗೆ ತನ್ನ ಕೆಲಸ ವಿವರಿಸಿ ಅವಳೊಂದು ಭಾಷಣ ಮಾಡಬೇಕಂತೆ. ಜನರೆದುರು ಅವಳ ಮೊದಲ ಭಾಷಣ. ಅವಳ ಗೈಡ್ ಕೂಡ ಬಂದು ಕೂರುತ್ತಾರಂತೆ.

"ಸೂರ್ಯಂಗೂ ತಮಟೆಗೂ ಏನವ್ವಾ ಸಂಬಂಧ?" ಎಂದ ಕೆಂಪಣ್ಣ. ಫೋನನ್ನು ಜಗಲಿಯ ಮೇಲೆ ಚೊಂಬಿಗೆ ಒರಗಿಸಿ ಇಟ್ಟಿದ್ದೆವು.

"ಎರಡೂ ಅದುರ್ತವೆ ಅಪ್ಪ. ಸೂರ್ಯನ ಮೈ ಸುಮಾರು ಐದು ನಿಮಿಷಕ್ಕೊಂದು ಸಲ ಏರಿ ಇಳೀತದೆ. ಬೇರೆ ನಕ್ಷತ್ರಗಳೂ ಹಂಗೇ. ಆ ಅದುರಾಟದ ದನಿ ಹಿಡಿದು ನಕ್ಷತ್ರ ಎಷ್ಟು ದೊಡ್ಡದು, ಎಷ್ಟು ವಯಸ್ಸಿಂದು ಅಂತ ಲೆಕ್ಕ ಹಾಕ್ತೀವಿ. ನೀನು ಕತ್ತಲಲ್ಲಿ ತಮಟೆ ಸದ್ದು ಕೇಳಿ ದೊಡ್ಡದೋ ಚಿಕ್ಕದೋ ಅಂತ ಹೇಳಲ್ವಾ?"

"ಏಳ್ಬೋದು. ಆದ್ರೆ ಕಾಯ್ಸಿದ್ರೆ ಮೋಸ ಓಯ್ತೀವಿ ಕಣವ್ವ. ಬೆಂಕಿ ತೋರ್ಸಿದ್ರೆ ಚರ್ಮ ಬಿಗೀತದೆ, ಸದ್ದು ಏರ್ತದೆ. ದೊಡ್ಡ ತಮಟೇನೂ ಚಿಕ್ಕದ್ರಂಗೆ ಕೇಳ್ತದೆ."

"ಅದೇ ಅಪ್ಪ! ಅದೇ ನನ್ನ ಮೂರು ವರ್ಷದ ಕೆಲಸ!"

"ಇದ್ಕೆ ಮೂರು ವರ್ಸ ಆಯ್ತಾ? ನನ್ ಕೇಳಿದ್ರೆ ಆವತ್ತೇ ಏಳ್ತಿದ್ನಲ್ಲ."

ಸೂರ್ಯನ ಮೈಮೇಲೆ ಕಲೆಗಳು ಏಳುತ್ತವೆ, ಸುಮಾರು ಹನ್ನೊಂದು ವರ್ಷಕ್ಕೊಮ್ಮೆ ಹೆಚ್ಚಿ ಮತ್ತೆ ಇಳಿಯುತ್ತವೆ ಎಂದು ಅವಳು ಬಿಡಿಸಿ ಹೇಳಿದಳು. ಕಲೆ ಹೆಚ್ಚಿದ ಕಾಲದಲ್ಲಿ ಸೂರ್ಯನ ದನಿ ಕೂದಲೆಳೆಯಷ್ಟು ಏರುತ್ತದೆ. ಸೂರ್ಯ ಪಕ್ಕದ ಮನೆಯವನು, ಕಲೆ ಎಷ್ಟಿದೆ ಎಂದು ನೋಡಿ ಲೆಕ್ಕ ಸರಿ ಮಾಡಿಕೊಳ್ಳಬಹುದು. ದೂರದ ನಕ್ಷತ್ರ ಬರೀ ಒಂದು ಚುಕ್ಕಿ. ನಾವು ಕೇಳುತ್ತಿರುವುದು ಏರಿದ ದನಿಯೋ ಇಳಿದ ದನಿಯೋ ತಿಳಿಯದೆ ಹೋದರೆ ಅದರ ವಯಸ್ಸನ್ನು ತಪ್ಪು ಹೇಳುತ್ತೇವೆ.

"ಸೂರ್ಯನ್ನ ಕಾಯಿಸೋರು ಯಾರಮ್ಮ?" ಎಂದೆ ನಾನು, ಸುಮ್ಮನಿರಲಾರದೆ.

"ಅಲ್ಲಿ ಬಿಸಿ ಮಾಡೋ ಮಾತಲ್ಲ ದೊಡ್ಡಪ್ಪ, ಅಯಸ್ಕಾಂತದ ಬಲ. ತಮಟೆ ಬರೀ ಹೋಲಿಕೆ."

ನಾನು ಡೈರಿಯಲ್ಲಿ ಬರೆದುಕೊಂಡೆ: ತಮಟೆ, ಹೋಲಿಕೆ. ಬಿಸಿ ಅಲ್ಲ. ಅಯಸ್ಕಾಂತ. ಸ್ಕೇಲು ಇಟ್ಟು ಅಡಿಗೆರೆ ಎಳೆದೆ. ಆಮೇಲೆ ಮೂರು ಸಲ ಓದಿದೆ. ಅರ್ಥವಾಗಲಿಲ್ಲ, ಗೆರೆ ಮಾತ್ರ ನೆಟ್ಟಗಿತ್ತು.

ಕೆಂಪಣ್ಣ ತಮಟೆ ಬಾರಿಸುವುದು, ನಾನು ಅವನ ಮ್ಯಾನೇಜರಾಗಿ ಹೋಗುವುದು ಎಂದು ತೀರ್ಮಾನವಾಯಿತು. ಅವನದೊಂದು ತಮಟೆ ತಂಡವಿದೆ, ವೇದಿಕೆಗಳ ಮೇಲೆ ಕುಣಿದು ಬಾರಿಸಿ ಹೆಸರು ಮಾಡಿದ್ದಾನೆ. ಆದರೆ ಅವನಿಗೆ ಎರಡು ಗಂಟೆ ಎಂದರೆ ಎರಡರಿಂದ ಐದರೊಳಗಿನ ಯಾವುದೋ ಒಂದು ಹೊತ್ತು. ನಾನಿಲ್ಲದಿದ್ದರೆ ವಿಮಾನ ಅವನನ್ನು ಬಿಟ್ಟು ಹಾರುತ್ತದೆ ಎಂಬುದರಲ್ಲಿ ಮನೆಯಲ್ಲಿ ಯಾರಿಗೂ ಸಂಶಯವಿರಲಿಲ್ಲ. ಹಾಗಿರುವಾಗ, ಹೊರಡಲು ನಾಲ್ಕು ದಿನವಿದೆ ಎನ್ನುವಾಗ, ಅವನು ಕಬ್ಬಿನ ಗದ್ದೆಯ ಬದುವಿನಿಂದ ಜಾರಿ ಬಲಗೈ ಮಣಿಕಟ್ಟು ಮುರಿದುಕೊಂಡ.

"ನೀನೇ ಓಗ್ಬುಡಣ್ಣ," ಎಂದ, ಕೈಗೆ ಪ್ಲಾಸ್ಟರ್ ಹಾಕಿಸಿಕೊಂಡು ಬಂದು.

"ತಮಟೆ ಯಾರ್ಲಾ ಬಾರ್ಸದು?"

"ನೀನೇ."

ನಾನು ಎದ್ದು ನಡಿಗೆಗೆ ಹೋದೆ. ಆಗ ಬೆಳಿಗ್ಗೆ ಹನ್ನೊಂದು ಗಂಟೆ. ನಾನು ಆ ಹೊತ್ತಿನಲ್ಲಿ ನಡಿಗೆಗೆ ಹೋದದ್ದನ್ನು ಊರವರು ಅದಕ್ಕೆ ಮೊದಲು ನೋಡಿರಲಿಲ್ಲ.

ಕಾರಣ ಹೇಳಿಬಿಡುತ್ತೇನೆ. ನನಗೆ ಹದಿನಾರು ವರ್ಷ. ಎಸ್ಸೆಸ್ಸೆಲ್ಸಿ ಗಣಿತ ಪರೀಕ್ಷೆಯ ದಿನ ಊರಿನ ದೊಡ್ಡ ಮನೆಯಲ್ಲಿ ಸಾವಾಯಿತು. ಹೆಣದ ಮುಂದೆ ತಮಟೆ ಬಾರಿಸುವುದು ನಮ್ಮ ಕೇರಿಯವರ ಪಾಲಿಗೆ ಬಂದ ಕೆಲಸ. ಒಲ್ಲೆ ಎನ್ನುವ ಹಾಗಿರಲಿಲ್ಲ. ಅಪ್ಪನಿಗೆ ಜ್ವರ. "ಮಗನ್ನ ಕಳ್ಸು" ಎಂದರು. ಬಾರಿಸಿ ಮುಗಿಸಿ ನಾಲ್ಕು ಮೈಲಿ ಓಡಿ ಪರೀಕ್ಷೆಯ ಶಾಲೆ ಮುಟ್ಟಿದಾಗ ಬಾಗಿಲು ಮುಚ್ಚಿ ಒಂದು ಗಂಟೆಯಾಗಿತ್ತು. ಸಂಜೆ ಮನೆಗೆ ಬಂದವನೇ ತಮಟೆಯನ್ನು ಅಟ್ಟಕ್ಕೆ ಎಸೆದೆ. ಇನ್ನು ಮುಟ್ಟುವುದಿಲ್ಲ ಎಂದೆ. ಅಕ್ಟೋಬರಿನಲ್ಲಿ ಮತ್ತೆ ಕಟ್ಟಿ ಪಾಸಾದೆ, ಬ್ಯಾಂಡಿಗೆ ಸೇರಿದೆ. ಆವತ್ತಿನಿಂದ ನಾನು ಯಾವುದಕ್ಕೂ ತಡವಾಗಿ ಹೋಗಿರಲಿಲ್ಲ, ತಮಟೆಯನ್ನೂ ಮುಟ್ಟಿರಲಿಲ್ಲ. ಕೆಂಪಣ್ಣ ದೊಡ್ಡವನಾದ ಮೇಲೆ ಅದೇ ತಮಟೆಯ ಬಳೆಯನ್ನು, ಎಂದರೆ ಸುತ್ತಿನ ಚೌಕಟ್ಟನ್ನು, ಅಟ್ಟದಿಂದ ಇಳಿಸಿ ಹೊಸ ಚರ್ಮ ಕಟ್ಟಿಸಿದ. ಒಂದು ವರ್ಷ ಅವನೊಡನೆ ನಾನು ಮಾತಾಡಲಿಲ್ಲ. "ನೀನು ಬುಡ್ಬೇಕಾಗಿದ್ದು ಕರೆದೋರ್ನ ಕಣಣ್ಣ, ತಮಟೇನಲ್ಲ" ಎಂದು ಅವನು ಒಂದು ಸಲ ಹೇಳಿದ್ದ. ಆ ಮಾತು ನನಗೆ ಹಿಡಿಸಿರಲಿಲ್ಲ.

ನಡಿಗೆ ಮುಗಿಸಿ ಬಂದು ಷರತ್ತು ಹಾಕಿದೆ. ತಮಟೆಯನ್ನು ಚೀಲದಲ್ಲಿ ಹೊತ್ತುಕೊಂಡು ಹೋಗುತ್ತೇನೆ. ಬಾರಿಸುವುದಿಲ್ಲ. ಅಲ್ಲಿ ಯಾರಾದರೂ ಬಾರಿಸಿಕೊಳ್ಳಲಿ.

ಕೋಪನ್‌ಹೇಗನ್

ಕಸ್ಟಮ್ಸಿನಲ್ಲಿ ಎತ್ತರದ ಹೆಂಗಸೊಬ್ಬಳು ಚೀಲ ಬಿಚ್ಚಿಸಿದಳು.

"ಇದೇನು?"

"ಡ್ರಮ್."

"ನೀವು ಬಾರಿಸುತ್ತೀರಾ?"

"ಇಲ್ಲ. ನನ್ನ ತಮ್ಮ."

"ತಮ್ಮ ಎಲ್ಲಿ?"

"ಊರಲ್ಲಿ. ಕೈ ಮುರಿದಿದೆ."

"ನಿಮ್ಮ ಕೆಲಸ?"

"ಈಗ ನಿವೃತ್ತ. ಮೊದಲು ಡ್ರಮ್ ಬಾರಿಸುತ್ತಿದ್ದೆ."

ಅವಳು ನನ್ನ ಮುಖ ನೋಡಿದಳು. ಬಂದೋಬಸ್ತಿಗೆ ಹಾಕಿದಾಗಲೆಲ್ಲ ಇಂಥ ಉತ್ತರ ಕೊಡುವವರನ್ನು ನಾನೂ ಕಂಡಿದ್ದೇನೆ. ಅವರಲ್ಲಿ ಒಬ್ಬನನ್ನೂ ಪಕ್ಕಕ್ಕೆ ನಿಲ್ಲಿಸದೆ ಕಳಿಸಿದವನಲ್ಲ. ಅವಳು ಮಾತ್ರ ಚೀಲದ ಜಿಪ್ಪು ಎಳೆದು, ಹೋಗಿ ಎಂದಳು. ನನಗೆ ಸಮಾಧಾನಕ್ಕಿಂತ ಅವಳ ಡ್ಯೂಟಿಯ ಬಗ್ಗೆ ಬೇಸರವೇ ಹೆಚ್ಚಾಯಿತು.

ರೈಲು

ಆರ್ಹುಸಿಗೆ ಮೂರು ಗಂಟೆಯ ರೈಲು. ಬೋಗಿ ತುಂಬ ಜನ, ಆದರೆ ಉಸಿರಾಡುವ ಸದ್ದೂ ಇಲ್ಲ. ನಮ್ಮಲ್ಲಾದರೆ ಮದ್ದೂರು ಬರುವುದರೊಳಗೆ ಎದುರು ಸೀಟಿನವರ ಮಗಳಿಗೆ ಗಂಡು ಗೊತ್ತಾಗಿರುತ್ತದೆ. ಇದೇನು ಸಭ್ಯತೆ ಎಂದು ನಾನು ಮೆಚ್ಚಿಕೊಳ್ಳುತ್ತಿರುವಾಗಲೇ ನನ್ನ ಫೋನು ಬಡಿದುಕೊಂಡಿತು. ಗಾಬರಿಯಲ್ಲಿ ಎಲ್ಲೋ ಒತ್ತಿದೆ, ಸ್ಪೀಕರ್ ಆನ್ ಆಯಿತು.

"ಅಣ್ಣೋ! ಉಸಾರಾ?" ಕೆಂಪಣ್ಣನ ದನಿಗೆ ಮೈಕು ಬೇಡ.

"ಹೂಂ ಕಣ್ಲಾ," ಎಂದೆ ಪಿಸುದನಿಯಲ್ಲಿ.

"ನಿನ್ನಲ್ಲ ಕೇಳಿದ್ದು, ತಮಟೆ ಉಸಾರಾ?"

ಇಡೀ ಬೋಗಿ ತಿರುಗಿತು. ಒಬ್ಬ ಅಜ್ಜಿ ಏನೂ ಹೇಳದೆ ಕಿಟಕಿಯ ಮೇಲೆ ಅಂಟಿಸಿದ್ದ ಚಿತ್ರವನ್ನು ಬೆರಳಿನಿಂದ ತೋರಿಸಿದಳು. ತುಟಿಯ ಮೇಲೆ ಬೆರಳಿಟ್ಟ ಮುಖ. ನಾನು ಸದ್ದು ಮಾಡಬಾರದ ಬೋಗಿಯಲ್ಲಿ ಕೂತಿದ್ದೆ. ಮೂವತ್ತೆರಡು ವರ್ಷ ಸೂಚನಾಫಲಕ ಓದದವರನ್ನು ಗದರಿಸಿದ ಪೊಲೀಸಿನವನು ಕಿಟಕಿ ತುಂಬ ಅಂಟಿಸಿದ್ದನ್ನು ಓದಿರಲಿಲ್ಲ. ಉಳಿದ ದಾರಿಯುದ್ದಕ್ಕೂ ಕೆಮ್ಮು ಬಂದರೂ ನುಂಗಿಕೊಂಡೆ.

ಆರ್ಹುಸ್, ಮೊದಲ ದಿನ

ಜೂನ್ ತಿಂಗಳು. ನಾಲ್ಕೂವರೆಗೆ ಎದ್ದು ಪರದೆ ಸರಿಸಿದರೆ ಸೂರ್ಯ ನನಗಿಂತ ಮೊದಲೇ ಎದ್ದು ಬಂದು ನಿಂತಿದ್ದ. ಹುಟ್ಟಿದ ಮೇಲೆ ಅವನ ಕೈಲಿ ನಾನು ಸೋತದ್ದು ಅದೇ ಮೊದಲು. ರಾತ್ರಿ ಒಂಬತ್ತಕ್ಕೆ ದೀಪ ಆರಿಸಿದೆ, ಕೋಣೆ ಒಂದಿಷ್ಟೂ ಕತ್ತಲಾಗಲಿಲ್ಲ. ಕಣ್ಣಿಗೆ ಟವೆಲು ಕಟ್ಟಿಕೊಂಡು ಮಲಗಿದೆ. "ಈಗ ಸೂರ್ಯನ ಮೇಲೆ ಕಲೆ ಜಾಸ್ತಿ ದೊಡ್ಡಪ್ಪ, ಬಹಳ ಚುರುಕಾಗಿದ್ದಾನೆ" ಎಂದು ಸುಜಾತ ಹೇಳಿದ್ದಳು. ಅವನು ನಿದ್ದೆ ಮಾಡದೆ ಓಡಾಡುತ್ತಿರುವುದು ಅದಕ್ಕೇ ಇರಬೇಕು ಎಂದುಕೊಂಡೆ. ಮರುದಿನ ಕೇಳಿದ್ದಕ್ಕೆ ಅವಳು, ಕಲೆಗೂ ಅದಕ್ಕೂ ಸಂಬಂಧವಿಲ್ಲ, ಇದು ಭೂಮಿ ವಾಲಿರುವುದರಿಂದ, ಏಳನೇ ತರಗತಿ ಪಾಠ ಎಂದಳು.

ಈ ಊರಿನಲ್ಲಿ ನನಗೆ ಅತ್ಯಂತ ಹಿಡಿಸಿದ್ದು ರಸ್ತೆ ದಾಟುವವರು. ಕಣ್ಣು ಹಾಯುವವರೆಗೆ ಒಂದು ವಾಹನವಿಲ್ಲ, ಮಳೆ ಹನಿಯುತ್ತಿದೆ, ಆದರೂ ಕೆಂಪು ದೀಪವೆಂದರೆ ಎಲ್ಲರೂ ನಿಂತೇ ಇರುತ್ತಾರೆ. ಮಂಡ್ಯದಲ್ಲಿ ನಾನೊಬ್ಬನೇ ಹಾಗೆ ನಿಂತಾಗ "ಯಜಮಾನ್ರೆ, ದಾರಿ ತಪ್ತಾ?" ಎಂದು ಕೈಹಿಡಿದು ದಾಟಿಸಲು ಬರುತ್ತಾರೆ. ಇಲ್ಲಿ ನನ್ನಂಥವರು ಊರಿಗೆ ಊರೇ ಇದ್ದಾರೆ. ಸಂತೋಷ ತಡೆಯದೆ ಅದೇ ರಸ್ತೆಯನ್ನು ನಾಲ್ಕು ಸಲ ದಾಟಿದೆ.

ಆ ಗುಂಗಿನಲ್ಲೇ ಮಾನ ಹೋಯಿತು. ಒಂದು ಕಾಫಿ ಅಂಗಡಿಯ ಹೊರಗೆ ತಳ್ಳುಗಾಡಿಯಲ್ಲಿ ಕೂಸೊಂದು ಮಲಗಿತ್ತು. ಪಕ್ಕದಲ್ಲಿ ಯಾರೂ ಇಲ್ಲ. ಯಾರೋ ಮಗುವನ್ನು ಬಿಟ್ಟು ಹೋಗಿದ್ದಾರೆಂದು ನನ್ನೊಳಗಿನ ಪೊಲೀಸು ಎದ್ದು ಕೂತ. ಗಡಿಯಾರ ನೋಡಿ ವೇಳೆ ಗುರುತು ಹಾಕಿಕೊಂಡು, ಗಾಡಿಯ ಪಕ್ಕ ಕಾಲು ಜೋಡಿಸಿ ಕಾವಲು ನಿಂತೆ. ಹನ್ನೆರಡು ನಿಮಿಷವಾದ ಮೇಲೆ ಅಂಗಡಿಯೊಳಗಿನಿಂದ ತಾಯಿ ಓಡಿ ಬಂದಳು. ಅವಳು ಗಾಜಿನಾಚೆಯಿಂದ ಇಷ್ಟು ಹೊತ್ತೂ ಕಾವಲಿದ್ದದ್ದು ಮಗುವಿಗಲ್ಲ, ನನಗೆ. ಕೂಸುಗಳನ್ನು ತಣ್ಣನೆ ಗಾಳಿಯಲ್ಲಿ ಹೊರಗೆ ಮಲಗಿಸುವುದು ಅಲ್ಲಿನ ವಾಡಿಕೆಯಂತೆ. ಸುಜಾತ ಬಂದು ಆಕೆಗೆ ಏನೇನೋ ವಿವರಿಸಿ ನನ್ನನ್ನು ಬಿಡಿಸಿಕೊಂಡು ಹೋದಳು.

ಎರಡನೆಯ ದಿನ

ತಮಟೆ ಹೊಡೆಯಲು ಸುಜಾತ ತನ್ನ ಜೊತೆ ಓದುವ ಮಾಸ್ ಎಂಬುವನನ್ನು ಕರೆದಿದ್ದಳು. ಅವಳ ಉಪಾಯ ಹೀಗೆ. ತಮಟೆ ಪರದೆಯ ಹಿಂದೆ ಇರುತ್ತದೆ. ಮೊದಲು ತಣ್ಣಗಿರುವಾಗ ಮೂರು ಪೆಟ್ಟು. ಆಮೇಲೆ ಕಾಯಿಸಿ ಮೂರು ಪೆಟ್ಟು. ಯಾವ ತಮಟೆ ಚಿಕ್ಕದು ಎಂದು ಜನರನ್ನು ಕೇಳುವುದು. ಎರಡನೆಯದು ಎಂದು ಅವರು ಕೈ ಎತ್ತುತ್ತಾರೆ. ಆಗ ಪರದೆ ಸರಿಸಿ, ಇದ್ದದ್ದು ಒಂದೇ ಎಂದು ತೋರಿಸುವುದು. ಗ್ರಂಥಾಲಯದಲ್ಲಿ ಬೆಂಕಿ ಹಚ್ಚುವಂತಿಲ್ಲ, ಅದಕ್ಕೆ ತಲೆಗೂದಲು ಒಣಗಿಸುವ ಯಂತ್ರ.

ಮಾಸ್ ಒಳ್ಳೆಯ ಹುಡುಗ, ಆದರೆ ಅವನ ಒಂದು ಪೆಟ್ಟು ನಡುವಿಗೆ, ಇನ್ನೊಂದು ಅಂಚಿಗೆ, ಮತ್ತೊಂದು ಅವನದೇ ಹೆಬ್ಬೆರಳಿಗೆ. ಸುಜಾತಳ ಕಂಪ್ಯೂಟರಿನಲ್ಲಿ ದನಿಯ ಗೆರೆ ಕುರಿ ಮರಿಯಂತೆ ನೆಗೆಯುತ್ತಿತ್ತು. ನಾನು ಕೈಕಟ್ಟಿ ಕೂತು ಅವನ ತಪ್ಪುಗಳನ್ನು ಎಣಿಸುತ್ತಿದ್ದೆ. ಹದಿನೇಳಾದಾಗ ತಡೆಯಲಾಗಲಿಲ್ಲ. "ಮಣಿಕಟ್ಟು ಸಡಿಲ ಬಿಡು, ಭುಜ ಬೇಡ" ಎಂದೆ. ಅದನ್ನು ಸುಜಾತ ಅವನಿಗೆ ದಾಟಿಸಿದಳು. ಆಮೇಲೆ ಅವನು ಇನ್ನೂ ಕೆಟ್ಟದಾಗಿ ಹೊಡೆದ.

ಅವನು ಹೋದ ಮೇಲೆ ಅವಳು ನನ್ನ ಎದುರು ಕೂತಳು.

"ಹೊಡೆಯೋ ಕೈಯೇ ಬದಲಾಗ್ತಾ ಇದ್ರೆ ಚರ್ಮ ಬದಲಾಗಿದ್ದು ಗೊತ್ತಾಗೋದು ಹೆಂಗೆ ದೊಡ್ಡಪ್ಪ? ಪ್ರತಿ ಪೆಟ್ಟೂ ಒಂದೇ ತರ, ಒಂದೇ ಜಾಗಕ್ಕೆ ಬೀಳ್ಬೇಕು."

"ಹೂಂ."

"ಅಂಥಾ ಕೈ ಇರೋರು ನಂಗೆ ಗೊತ್ತಿರೋದು ಒಬ್ರೇ."

ನಾನು ಕಿಟಕಿ ನೋಡಿದೆ.

"ನಿಮಗೆ ಬೇಡ ಅಂದ್ರೆ ಬೇಡ. ಯಾಕೆ ಅಂತ ನಂಗೆ ಗೊತ್ತು, ಅಪ್ಪ ಹೇಳಿದ್ದಾರೆ. ಮೊದಲೇ ರೆಕಾರ್ಡ್ ಮಾಡಿ ಹಾಕ್ತೀನಿ. ಜನ ನಂಬಲ್ಲ, ಕಂಪ್ಯೂಟರಲ್ಲಿ ಏನೋ ಮಾಡಿದ್ದಾಳೆ ಅಂತಾರೆ. ಪರವಾಗಿಲ್ಲ." ಇಷ್ಟು ಹೇಳಿ ಎದ್ದು ಲೋಟ ತೊಳೆಯತೊಡಗಿದಳು. ಒಂದೇ ಲೋಟವನ್ನು ಬಹಳ ಹೊತ್ತು ತೊಳೆದಳು.

ಇಲಾಖೆಯಲ್ಲಿ ಅಷ್ಟು ವರ್ಷ ಇದ್ದವನಿಗೆ ಕಾನೂನಿನಲ್ಲಿ ಕಿಂಡಿ ಹುಡುಕುವುದು ಕಷ್ಟವಲ್ಲ. ಮರುದಿನ ಬೆಳಿಗ್ಗೆ ನಾಲ್ಕೂವರೆಯ ಬಿಸಿಲಿನಲ್ಲಿ ಕೂತು ಹುಡುಕಿದೆ. ಬಿಡಿಬಿಡಿಯಾಗಿ ಮೂರು ಮೂರೇ ಪೆಟ್ಟು, ಅದೂ ಪರದೆಯ ಹಿಂದೆ, ಯಾರ ಕಣ್ಣಿಗೂ ಬೀಳದಂತೆ. ಇದು ತಮಟೆ ಬಾರಿಸುವುದು ಹೇಗಾಗುತ್ತದೆ? ಇದು ಅಳತೆ. ಬಟ್ಟೆ ಅಂಗಡಿಯವನು ಗಜಕಡ್ಡಿ ಹಿಡಿದರೆ ಯಾರಾದರೂ ದೊಣ್ಣೆ ಹಿಡಿದ ಎನ್ನುತ್ತಾರೆಯೇ? ಈ ವಾದ ನನಗೇ ಎಷ್ಟು ಹಿಡಿಸಿತೆಂದರೆ ಸುಜಾತಳನ್ನು ಎಬ್ಬಿಸಿ ಹೇಳಿದೆ. ಅವಳು ನಿದ್ದೆಗಣ್ಣಿನಲ್ಲೇ ನನ್ನ ಕೈ ಹಿಡಿದು, "ಹೂಂ ದೊಡ್ಡಪ್ಪ, ಅಳತೆ" ಎಂದು ಮತ್ತೆ ಮಲಗಿದಳು.

ನಾಲ್ಕನೆಯ ದಿನ, ನಾಲ್ಕು ಗಂಟೆ

ಬೆಳಿಗ್ಗೆಯಿಂದ ಮಳೆ. ನನ್ನ ಟೈಮ್ ಟೇಬಲ್ ಜೇಬಿನಲ್ಲಿತ್ತು. ನಾಲ್ಕಕ್ಕೆ ಭಾಷಣ. ನಾಲ್ಕೂ ಐದಕ್ಕೆ ಮೊದಲ ಪೆಟ್ಟು. ನಾಲ್ಕೂ ಏಳಕ್ಕೆ ಕಾಯಿಸುವುದು. ನಾಲ್ಕೂ ಹತ್ತಕ್ಕೆ ಎರಡನೆಯ ಪೆಟ್ಟು. ನಾನು ಮೂರೂ ನಲವತ್ತಕ್ಕೇ ಪರದೆಯ ಹಿಂದೆ ಹಾಜರಾದೆ. ಆಚೆ ಕುರ್ಚಿಗಳು ಭರ್ತಿಯಾಗುತ್ತಿದ್ದವು.

ಚೀಲದಿಂದ ತಮಟೆ ತೆಗೆದು ಉಗುರಿನಿಂದ ತಟ್ಟಿದೆ. ಮಳೆಯ ತಂಡಿಗೆ ಚರ್ಮ ಸಡಿಲವಾಗಿ ನೆನೆದ ಗೋಣಿಚೀಲದ ಹಾಗೆ ಸದ್ದು ಮಾಡಿತು. ಬ್ಯಾಂಡಿನವರಿಗೆ ಒಂದು ಶಾಸ್ತ್ರವಿದೆ. ತಣ್ಣನೆಯ ವಾದ್ಯ ಹಿಡಿದು ಯಾರೂ ಪೆರೇಡ್ ಮೈದಾನಕ್ಕೆ ಇಳಿಯುವುದಿಲ್ಲ. ಕೊಳಲು ಕೊಂಬುಗಳಿಗೆ ಉಸಿರು ತುಂಬಿ ಬೆಚ್ಚಗೆ ಮಾಡಬೇಕು, ಡ್ರಮ್ಮಿನ ಬಿಗಿ ನೋಡಬೇಕು, ಆಮೇಲೆ ಮೈದಾನ. ನಾನು ಕೈಕೆಳಗಿನವರಿಗೆ ಅದನ್ನು ಬೈದು ಬೈದು ಕಲಿಸಿದ್ದೇನೆ. ಆದ್ದರಿಂದ ಯಂತ್ರ ಚಾಲೂ ಮಾಡಿ ತಮಟೆಯನ್ನು ಸುತ್ತಲೂ ಸಮವಾಗಿ ಕಾಯಿಸಿದೆ. ಮತ್ತೆ ತಟ್ಟಿದೆ. ಣಂಗ್ ಎಂದಿತು. ಸಭೆ ಶುರುವಾಗುವವರೆಗೆ ಬಿಸಿ ಆರದಿರಲೆಂದು ಮಂಗಳಮ್ಮ ಹೆಣೆದ ಮಫ್ಲರಿನಲ್ಲಿ ಸುತ್ತಿ ಎದೆಗೆ ಅವಚಿಕೊಂಡೆ. ಎಲ್ಲ ಸಿದ್ಧವಾಗಿದೆ ಎಂದು ಬಹಳ ನೆಮ್ಮದಿಯಾಯಿತು. ನಾನು ಏನು ಮಾಡಿದೆ ಎಂಬುದು ನನ್ನ ತಲೆಗೆ ಹೊಳೆಯಲೇ ಇಲ್ಲ.

ನಾಲ್ಕೂ ಐದು. ಮೂರು ಪೆಟ್ಟು. ಣಂಗ್, ಣಂಗ್, ಣಂಗ್. ಕೋಲು ಕೈಗೆ ಹೊಸದೆನಿಸಲಿಲ್ಲ. ಅದಕ್ಕೇ ಸ್ವಲ್ಪ ಸಿಟ್ಟು ಬಂತು. ನಾಲ್ಕೂ ಏಳು, ಕಾಯಿಸಿದೆ. ನಾಲ್ಕೂ ಹತ್ತು, ಮತ್ತೆ ಮೂರು. ಣಂಗ್, ಣಂಗ್, ಣಂಗ್.

ಯಾವುದು ಚಿಕ್ಕದು ಎಂದು ಸುಜಾತ ಕೇಳಿದಳು. ಯಾರೂ ಕೈ ಎತ್ತಲಿಲ್ಲ. ಮುಂದಿನ ಸಾಲಿನಿಂದ ಮುದುಕರೊಬ್ಬರ ದನಿ ಇಂಗ್ಲಿಷಿನಲ್ಲಿ ಬಂತು. "ಎರಡೂ ಒಂದೇ ಅಲ್ಲವೇ?"

ಪರದೆಯಾಚೆಯಿಂದ ಕನ್ನಡ ಕೇಳಿಸಿತು.

"ದೊಡ್ಡಪ್ಪ?"

"ಏನಮ್ಮ?"

"ಮೊದಲೇ ಕಾಯಿಸಿದ್ರಾ?"

ಕೈಯಲ್ಲಿದ್ದ ಯಂತ್ರ ನೋಡಿದೆ. ಮಫ್ಲರ್ ನೋಡಿದೆ. "ಸ್ವಲ್ಪ."

"ಎಷ್ಟು ಸ್ವಲ್ಪ?"

"ಪೂರ್ತಿ."

ಹದಿನಾರನೆಯ ವಯಸ್ಸಿನಲ್ಲಿ ಕಂಡ ಆ ಮುಚ್ಚಿದ ಬಾಗಿಲು ನೆನಪಾಯಿತು. ಆವತ್ತು ತಡವಾಗಿ ಹೋಗಿ ನನ್ನ ಪರೀಕ್ಷೆ ಕೆಡಿಸಿಕೊಂಡಿದ್ದೆ. ಈವತ್ತು ಮೊದಲೇ ಬಂದು ಅವಳ ಪರೀಕ್ಷೆ ಕೆಡಿಸಿದ್ದೆ.

ಸುಜಾತ ನಕ್ಕಳು. ಗಾಬರಿಯ ನಗುವೇನೋ ಎಂದು ಕಿವಿಗೊಟ್ಟೆ. ಅಲ್ಲ, ಅದು ಕೆಂಪಣ್ಣನ ನಗು. ಅವಳು ಜನರಿಗೆ ಹೇಳಿದ್ದು ಹೀಗೆ. ಪರದೆಯ ಹಿಂದೆ ಇರುವವರು ನನ್ನ ದೊ‌ಡ್ಡಪ್ಪ, ಶಿಸ್ತಿನ ಮನುಷ್ಯ. ತಣ್ಣಗಿರಬೇಕಿದ್ದ ಡ್ರಮ್ಮನ್ನು ಅಭ್ಯಾಸಬಲದಿಂದ ಮೊದಲೇ ಕಾಯಿಸಿಬಿಟ್ಟಿದ್ದಾರೆ. ನಾನು ಕೇಳುವವರೆಗೆ ನಿಮ್ಮಲ್ಲಿ ಯಾರಿಗಾದರೂ ಅದು ಗೊತ್ತಾಯಿತೇ? ಇಲ್ಲ. ನನ್ನ ಮೂರು ವರ್ಷದ ತೊಂದರೆಯೇ ಇದು. ನಾವು ಕೇಳಲು ಕೂತಾಗ ನಕ್ಷತ್ರ ಆಗಲೇ ಕಾದಿತ್ತೋ ಇಲ್ಲವೋ ಎಂದು ಯಾರೂ ಹೇಳುವುದಿಲ್ಲ. ಇಲ್ಲಿ ದೊಡ್ಡಪ್ಪನನ್ನು ಕೇಳಿದೆ. ಅಲ್ಲಿ ಯಾರನ್ನು ಕೇಳಲಿ?

ಸಭೆ ಗೊಳ್ಳೆಂದಿತು. ಅದಾದ ಮೇಲೆ ಅವಳು ಪರದೆಯ ಹತ್ತಿರ ಬಂದು ಮೆಲ್ಲಗೆ ಹೇಳಿದಳು. "ಈಗ ಅದು ಆರಬೇಕು. ಆರುವಾಗ ದನಿ ಇಳಿಯೋದನ್ನ ಜನ ಕೇಳಬೇಕು, ಕೈ ಬದಲಾಗಿಲ್ಲ ಅಂತ ನೋಡಲೂಬೇಕು. ನಿಮಿಷಕ್ಕೊಂದು ಪೆಟ್ಟು. ಹೊರಗೆ ಬರ್ತೀರಾ?"

ನನ್ನ ಕಿಂಡಿ ಅಲ್ಲಿಗೆ ಮುಚ್ಚಿತು. ಪರದೆಯ ಹಿಂದಿನದು ಅಳತೆ. ಪರದೆಯ ಮುಂದೆ, ಅಷ್ಟು ಜನರೆದುರು, ಕೊರಳಿಗೆ ತಮಟೆ ಹಾಕಿಕೊಂಡು ನಿಂತರೆ ಅದಕ್ಕೆ ಇರುವುದು ಒಂದೇ ಹೆಸರು. ಸುಜಾತ ಇನ್ನೊಮ್ಮೆ ಕರೆಯಲಿಲ್ಲ. ಪರದೆಯ ಕೆಳಗೆ ಅವಳ ಪಾದಗಳು ಕಾಣುತ್ತಿದ್ದವು. ಒಂದರ ಮೇಲೊಂದು ಇಟ್ಟುಕೊಂಡು ನಿಂತಿದ್ದಳು, ಚಿಕ್ಕವಳಿದ್ದಾಗ ನನ್ನೆದುರು ಮಗ್ಗಿ ಒಪ್ಪಿಸುವಾಗ ನಿಲ್ಲುತ್ತಿದ್ದ ಹಾಗೆ. ಆವತ್ತು "ಮಗನ್ನ ಕಳ್ಸು" ಎಂದಿದ್ದರು. ಇವಳು ಬರ್ತೀರಾ ಎಂದು ಕೇಳಿದ್ದಳು. ನಾನು ತಮಟೆಯ ಪಟ್ಟಿಯನ್ನು ಕೊರಳಿಗೆ ಹಾಕಿಕೊಂಡೆ.

ಹೊರಗೆ ಬರುವಾಗ ಏನು ಮಾಡಬೇಕೆಂದು ತಿಳಿಯದೆ ಪೆರೇಡಿನ ಹೆಜ್ಜೆ ಹಾಕಿಬಿಟ್ಟೆ. ಎಡ, ಬಲ, ಎಡ, ಹಾಲ್ಟ್. ಎರಡನೆಯ ಸಾಲಿನಲ್ಲಿ ಯಾರೋ ಕಿಸಕ್ಕೆಂದರು. ಗಡಿಯಾರ ನೋಡಿ ಮೊದಲ ಪೆಟ್ಟು ಹೊಡೆದೆ. ಗೋಡೆಯ ಮೇಲೆ ದನಿಯ ಗೆರೆ ಮೂಡಿತು. ಒಂದು ನಿಮಿಷಕ್ಕೆ ಇನ್ನೊಂದು. ನಡುವೆ ಸುಜಾತ ಮಾತಾಡುತ್ತಿದ್ದಳು, ಸೂರ್ಯನ ದನಿ ವರ್ಷಗಳ ಕಾಲ ಹೇಗೆ ಏರಿ ಇಳಿಯುತ್ತದೆ ಎಂದು. ಪೆಟ್ಟಿನ ಹೊತ್ತಿಗೆ ಮಾತು ನಿಲ್ಲಿಸುತ್ತಿದ್ದಳು. ಐದನೆಯ ಪೆಟ್ಟಿಗೆ ಗೆರೆ ಒಂದು ಮೆಟ್ಟಿಲು ಇಳಿದಿತ್ತು, ಎಂಟನೆಯದಕ್ಕೆ ಇನ್ನೊಂದು. ಹನ್ನೊಂದನೆಯದು ಮತ್ತೆ ಆ ಗೋಣಿಚೀಲದ ಸದ್ದು. ಮುಂದಿನ ಸಾಲಿನ ಮುದುಕರು ಕಣ್ಣು ಮುಚ್ಚಿ ಕೇಳುತ್ತಿದ್ದರು. ಆಮೇಲೆ ಎಲ್ಲರೆದುರೇ ಕಾಯಿಸಿ ಒಂದು ಪೆಟ್ಟು ಹಾಕಿದೆ. ಣಂಗ್. ಇಡೀ ಸಭೆ ಆಹಾ ಎಂದು ಉಸಿರುಬಿಟ್ಟಿತು. ಬ್ಯಾಂಡಿನಲ್ಲಿದ್ದಷ್ಟು ದಿನ ಸಲಾಮು ಸಿಕ್ಕಿತ್ತು. ಆಹಾ ಸಿಕ್ಕಿರಲಿಲ್ಲ.

ಎಲ್ಲ ಮುಗಿದ ಮೇಲೆ ಗೈಡಮ್ಮ ಬಂದು ಸುಜಾತಳ ಭುಜ ತಟ್ಟಿ, ತಪ್ಪಾಗಿದ್ದೇ ಚೆನ್ನಾಗಿತ್ತು, ಮುಂದಿನ ಸಲವೂ ಹೀಗೇ ತಪ್ಪು ಮಾಡಿ ಎಂದರು. ಆ ಮುದುಕರು ನನ್ನ ಹತ್ತಿರ ಬಂದು, ಇದನ್ನು ನಿಮ್ಮಲ್ಲಿ ಎಲ್ಲಿ ಬಾರಿಸುತ್ತಾರೆ ಎಂದು ಕೇಳಿದರು. ಸಾವಿನಲ್ಲಿ ಎಂದು ಹೇಳಲು ಬಾಯಿ ತೆರೆದೆ.

"ನಮ್ಮ ಮನೆಯಲ್ಲಿ," ಎಂದೆ.

ಮತ್ತೆ ಊರು

ನಾನು ಹತ್ತಿದ್ದ ಬಸ್ಸು ಸೋಮನಹಳ್ಳಿಯ ಹತ್ತಿರ ಕೆಟ್ಟು ನಿಂತಿತು. ಮದ್ದೂರಿನಲ್ಲಿ ಇಳಿದಾಗ ಕೆಂಪಣ್ಣ ಪ್ಲಾಸ್ಟರ್ ಕೈಯೆತ್ತಿ ಕುಣಿಯುತ್ತಿದ್ದ. "ನಲವತ್ತು ನಿಮ್ಸ ಲೇಟು ಕಣಣ್ಣ! ನಾನು ಟೈಮ್ಗೆ ಬಂದಿವ್ನಿ, ನೀನು ಲೇಟು!" ನಾನು ವಿದೇಶದಿಂದ ತಂದ ಯಾವ ಉಡುಗೊರೆಯೂ ಅವನಿಗೆ ಅಷ್ಟು ಖುಷಿ ಕೊಡಲಿಲ್ಲ.

ಮರುದಿನ ಬೆಳಿಗ್ಗೆ ಆರು ಗಂಟೆಗೆ ಐದು ನಿಮಿಷವಿದೆ ಎನ್ನುವಾಗ ಜಗಲಿಗೆ ಬಂದ. ತಮಟೆಯನ್ನು ಬೆಳಕಿಗೆ ಹಿಡಿದು ನೋಡಿದ.

"ಏನಣ್ಣ ಇದು? ಬಿಲ್ಲೆ ಇಟ್ಟಂಗೆ ಒಂದೇ ಜಾಗ್ದಲ್ಲಿ ಗುರ್ತು ಬಿದ್ದದೆ."

"ಅಳತೆ ಕಣ್ಲಾ ಅದು. ಒಂದೇ ಜಾಗಕ್ಕೆ ಹೊಡೀಬೇಕು."

"ಅಳತೆ ಮುಗೀತಲ್ಲ. ಈಗೇನು?"

ಅವನು ಅಂಗಳದಲ್ಲಿ ಒಂದು ಹಿಡಿ ಒಣಹುಲ್ಲಿಗೆ ಬೆಂಕಿ ಹಚ್ಚಿ, ಎಡಗೈಯೊಂದರಲ್ಲೇ ತಮಟೆಯನ್ನು ಅದರ ಮೇಲೆ ಹಿಡಿದ. ಬಹಳ ಹತ್ತಿರ ಹಿಡಿದ. ಬೇಕೆಂದೇ ಹಿಡಿದ ಎಂದು ಈಗ ಅನ್ನಿಸುತ್ತದೆ.

"ಲೇ, ಸುಟ್ಟೋಯ್ತದೆ, ಕೊಡ್ಲಾ ಇಲ್ಲಿ!" ಎಂದು ಕಿತ್ತುಕೊಂಡೆ. ಸುತ್ತಲೂ ಸಮವಾಗಿ ತಿರುಗಿಸಿ ಕಾಯಿಸಿದೆ. ಕೈಗಡಿಯಾರದ ಪಟ್ಟಿ ತಮಟೆಯ ಬಳೆಗೆ ತಗುಲಿ ಕಿರಿಕಿರಿ ಸದ್ದು ಮಾಡುತ್ತಿತ್ತು. ಬಿಚ್ಚಿ ಜಗಲಿಯ ಮೇಲಿಟ್ಟೆ. ಕೆಂಪಣ್ಣ ತನ್ನ ಪ್ಲಾಸ್ಟರಿನ ಮೇಲೆ ಎಡಗೈ ಬೆರಳುಗಳಿಂದ ಅಪ್ಪ ಬಾರಿಸುತ್ತಿದ್ದ ಹಬ್ಬದ ತಾಳವನ್ನು ಟಕಟಕ ಹಾಕತೊಡಗಿದ. ಮೊದಲು ನನ್ನ ಕೈ ಪೊಲೀಸರ ಹಾಗೆ ನೆಟ್ಟಗೆ ಹೋಯಿತು. "ಪೆರೇಡಲ್ಲ ಕಣಣ್ಣ, ತೂಗ್ಬುಡು!" ಎಂದ. ಎರಡು ಸಲ ತಪ್ಪಿದೆ. ಮೂರನೆಯ ಸಲ ಕೈಗೆ ನೆನಪಾಯಿತು.

ಎಷ್ಟು ಹೊತ್ತು ಬಾರಿಸಿದೆ ಎಂದು ಬರೆಯಲಾರೆ. ನಿಲ್ಲಿಸಿದಾಗ ಎದುರು ಮನೆಗಳ ಜಗಲಿಗಳಲ್ಲಿ ಜನ ನಿಂತಿದ್ದರು. ಆರಕ್ಕೆ ಸರಿಯಾಗಿ ಮಂಗಳಮ್ಮ ತಂದಿಟ್ಟಿದ್ದ ಕಾಫಿ ಗಡಿಯಾರದ ಪಕ್ಕದಲ್ಲಿ ಕೆನೆಗಟ್ಟಿ ತಣ್ಣಗೆ ಕೂತಿತ್ತು. ಅವಳು ಬಾಗಿಲಲ್ಲಿ ನಿಂತು ನನ್ನನ್ನು ನೋಡಿದಳು, ಲೋಟ ನೋಡಿದಳು. ಲೋಟ ಎತ್ತಿಕೊಂಡು ಒಳಗೆ ಹೋಗುತ್ತ ಹೇಳಿದಳು:

"ಅಂಗ್ಡಿ ಕಡೆ ಓಗಾಗ ಗೋಡೆ ಗಡಿಯಾರ್ಕೆ ಒಂದು ಸೆಲ್ ತಕ್ಕಂಬನ್ನಿ."